ಪ್ಯಾಚ್ ಸಲ್ಲಿಕೆಯ ಇತಿಹಾಸ: ಡಿಫ್‌ನಿಂದ ಗಿಟ್‌ವರೆಗೆ

ಮುಕ್ತ ಆಕರ ತಂತ್ರಾಂಶಗಳು ಬೆಳೆದ ಬಗೆಯನ್ನು ಸಾಮಾನ್ಯವಾಗಿ ಪರವಾನಗಿಗಳ ಚರಿತ್ರೆಯಾಗಿ, ಇಲ್ಲವೇ ರಿಚರ್ಡ್ ಸ್ಟಾಲ್‌ಮನ್, ಲಿನಸ್ ಟೊರ್ವಾಲ್ಡ್ಸ್ ಮೊದಲಾದವರ ಸಾಧನೆಯ ಚರಿತ್ರೆಯಾಗಿ ನಿರೂಪಿಸಲಾಗುತ್ತದೆ. ಆದರೆ ಪರವಾನಗಿಯು ತಂತ್ರಾಂಶವನ್ನು ತಿದ್ದುವ ಹಕ್ಕನ್ನು ಕೊಡುತ್ತದೆಯೇ ಹೊರತು, ದೂರದ ಅಪರಿಚಿತರು ಮಾಡಿದ ತಿದ್ದುಪಡಿಯನ್ನು ಮೂಲಕ್ಕೆ ಸೇರಿಸಿಕೊಳ್ಳುವ ವಿಧಾನವನ್ನು ಕೊಡುವುದಿಲ್ಲ. ಆ ವಿಧಾನ ಒದಗಿದ್ದು ಪ್ಯಾಚ್‌ನಿಂದ. ಆಕರ ಸಂಕೇತದಲ್ಲಿ, ಅಂದರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಪಠ್ಯದಲ್ಲಿ, ಯಾವ ಸಾಲು ಹೋಗಬೇಕು, ಯಾವ ಸಾಲು ಬರಬೇಕು ಎಂಬುದನ್ನಷ್ಟೇ ಹೇಳುವ ಚಿಕ್ಕ ಕಡತವೇ ಪ್ಯಾಚ್. ಬದಲಾವಣೆಯನ್ನು ಮೂಲದಿಂದ ಬೇರ್ಪಡಿಸಿ, ಯಾರು ಬೇಕಾದರೂ ಓದಿ ಪರಿಶೀಲಿಸಬಹುದಾದ ಪಠ್ಯವನ್ನಾಗಿ ಮಾಡಿದ್ದೇ ಈ ಸಹಯೋಗದ ತಳಹದಿ ಎಂಬುದು ಪ್ರಸ್ತುತ ಲೇಖನದ ವಾದ.

ಇದರ ಮೊದಲ ಹೆಜ್ಜೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಬರುತ್ತದೆ. ಎರಡು ಕಡತಗಳನ್ನು ಹೋಲಿಸಿ ವ್ಯತ್ಯಾಸವನ್ನು ಪಟ್ಟಿಮಾಡುವ ‘ಡಿಫ್’ ಎಂಬ ಸಾಧನವನ್ನು ಡಗ್ಲಸ್ ಮೆಕಿಲ್‌ರಾಯ್ ರೂಪಿಸಿದರು. ಅದು 1974ರಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಐದನೆಯ ಆವೃತ್ತಿಯೊಡನೆ ಬಂದಿತು. ಎರಡೂ ಕಡತಗಳಲ್ಲಿ ಒಂದೇ ಅನುಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿಯನ್ನು ಗುರುತಿಸಿ, ಉಳಿದವನ್ನು ಬದಲಾವಣೆಯೆಂದು ತೋರಿಸುವ ಇದರ ತತ್ತ್ವವನ್ನು ಜೇಮ್ಸ್ ಹಂಟ್ ಮತ್ತು ಮೆಕಿಲ್‌ರಾಯ್ 1976ರ ವರದಿಯಲ್ಲಿ ವಿವರಿಸಿದರು. ಆದರೆ ಡಿಫ್ ಬದಲಾವಣೆಯ ಸ್ಥಾನವನ್ನು ಸಾಲಿನ ಸಂಖ್ಯೆಯಿಂದ ಗುರುತಿಸುತ್ತಿದ್ದುದರಿಂದ, ಪಡೆದವರ ಪ್ರತಿಯಲ್ಲಿ ಅಷ್ಟರೊಳಗೆ ನಾಲ್ಕು ಸಾಲು ಹೆಚ್ಚಾಗಿದ್ದರೂ ತಿದ್ದುಪಡಿ ತಪ್ಪು ಜಾಗದಲ್ಲಿ ಕೂರುತ್ತಿತ್ತು.

ಈ ತೊಡಕು ಬಗೆಹರಿದದ್ದು ಸುತ್ತಲಿನ ಸಾಲುಗಳನ್ನೂ ಸೇರಿಸಿಕೊಡುವ ‘ಸಂದರ್ಭಸಹಿತ ಡಿಫ್’ ಮತ್ತು 1985ರಲ್ಲಿ ಲ್ಯಾರಿ ವಾಲ್ ಬಿಡುಗಡೆ ಮಾಡಿದ ‘ಪ್ಯಾಚ್’ ಎಂಬ ಪ್ರೋಗ್ರಾಂ ಜೊತೆಗೂಡಿದಾಗ. ಹೇಳಿದ ಸಂಖ್ಯೆಯ ಜಾಗದಲ್ಲಿ ಸಾಲು ಸಿಗದಿದ್ದರೆ ಈ ಪ್ರೋಗ್ರಾಂ ಮೇಲೆ ಕೆಳಗೆ ಹುಡುಕಿ, ಸುತ್ತಲಿನ ಸಾಲುಗಳು ಹೊಂದುವಲ್ಲಿ ತಿದ್ದುಪಡಿಯನ್ನು ಅಳವಡಿಸುತ್ತದೆ. ಎಲ್ಲಿಯೂ ಹೊಂದದ ಭಾಗವನ್ನು ತಿರಸ್ಕೃತ ಕಡತದಲ್ಲಿ ಬೇರೆಯಾಗಿಡುತ್ತದೆ. ಹೀಗೆ ಕಳುಹಿಸುವವರು ಮತ್ತು ಪಡೆಯುವವರು ತುಸು ಭಿನ್ನವಾದ ಪ್ರತಿಗಳನ್ನು ಇಟ್ಟುಕೊಂಡೂ ಒಟ್ಟಿಗೆ ಕೆಲಸ ಮಾಡುವುದು ಸಾಧ್ಯವಾಯಿತು. ಹಳೆಯ ರೂಪವನ್ನೂ ಹೊಸ ರೂಪವನ್ನೂ ಬೇರೆ ಬೇರೆಯಾಗಿ ಮುದ್ರಿಸುತ್ತಿದ್ದ ಕ್ರಮದ ಬದಲು, ತೆಗೆದ ಸಾಲಿಗೆ ಋಣಚಿಹ್ನೆಯನ್ನೂ ಸೇರಿಸಿದ ಸಾಲಿಗೆ ಧನಚಿಹ್ನೆಯನ್ನೂ ಹಚ್ಚಿ ಎಲ್ಲವನ್ನೂ ಒಂದೇ ಓಟದಲ್ಲಿ ತೋರಿಸುವ ‘ಏಕೀಕೃತ’ ರೂಪವನ್ನು 1990ರಲ್ಲಿ ವೇಯ್ನ್ ಡೇವಿಸನ್ ರೂಪಿಸಿದರು. ಯಂತ್ರಕ್ಕಿಂತ ಓದುಗನಿಗೇ ಹೆಚ್ಚು ಅನುಕೂಲವಾದ ಈ ರೂಪವೇ ಇಂದಿಗೂ ಬಳಕೆಯಲ್ಲಿದೆ.

ಈ ಪದ್ಧತಿಯ ಬಲಕ್ಕೆ ಅಪಾಚೆ ವೆಬ್ ಸರ್ವರ್ ಉತ್ತಮ ನಿದರ್ಶನ. ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಸರ್ವರ್ ತಂತ್ರಾಂಶವನ್ನು ಬರೆದ ರಾಬ್ ಮೆಕೂಲ್ 1994ರಲ್ಲಿ ಅಲ್ಲಿಂದ ಹೊರಟ ಮೇಲೆ ಅದರ ಬೆಳವಣಿಗೆ ಸ್ಥಗಿತಗೊಂಡಿತು. ಆಗ ಬೇರೆ ಬೇರೆ ಕಡೆ ಅದನ್ನು ಬಳಸುತ್ತಿದ್ದವರು ತಮ್ಮ ತಮ್ಮ ಪ್ಯಾಚ್‌ಗಳನ್ನು ಒಟ್ಟುಗೂಡಿಸಿ 1995ರ ಏಪ್ರಿಲ್‌ನಲ್ಲಿ ಅಪಾಚೆಯ ಮೊದಲ ಸಾರ್ವಜನಿಕ ಆವೃತ್ತಿಯನ್ನು ಹೊರತಂದರು. ಮೂಲ ಕರ್ತೃವಿಲ್ಲದೆಯೂ ತಂತ್ರಾಂಶ ಮುಂದುವರಿಯಬಲ್ಲದೆಂಬುದು ಇದರಿಂದ ಸಿದ್ಧವಾಯಿತು.

ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಎದುರಾದದ್ದು ಬೇರೆ ಬಗೆಯ ಪ್ರಶ್ನೆಗಳು. ಇ-ಮೇಲ್‌ನಲ್ಲಿ ಬಂದ ಪ್ಯಾಚ್‌ಗಳನ್ನು ಟೊರ್ವಾಲ್ಡ್ಸ್ ಒಬ್ಬರೇ ನೋಡಿ ಸೇರಿಸುತ್ತಿದ್ದ ಕಾಲದಲ್ಲಿ ಎಷ್ಟೋ ಪ್ಯಾಚ್‌ಗಳು ಉತ್ತರವಿಲ್ಲದೆ ಕಳೆದುಹೋಗಿ, ಮತ್ತೆ ಮತ್ತೆ ಕಳುಹಿಸಬೇಕಾಗುತ್ತಿತ್ತು. ತನ್ನ ಯುನಿಕ್ಸ್ ಸಂಕೇತವನ್ನು ಲಿನಕ್ಸ್‌ಗೆ ಸೇರಿಸಲಾಗಿದೆಯೆಂದು ಆರೋಪಿಸಿ 2003ರಲ್ಲಿ ಎಸ್‌ಸಿಒ ಕಂಪನಿಯು ಐಬಿಎಂ ಮೇಲೆ ಮೊಕದ್ದಮೆ ಹೂಡಿದಾಗ, ಪ್ರತಿಯೊಂದು ಸಾಲು ಎಲ್ಲಿಂದ ಬಂದಿತೆಂಬ ವಿಚಾರವೂ ಮುನ್ನೆಲೆಗೆ ಬಂದಿತು. ಕೊಡುಗೆ ನೀಡುವವರು ಆ ಸಂಕೇತವನ್ನು ಸಲ್ಲಿಸುವ ಹಕ್ಕು ತಮಗಿದೆಯೆಂದು ದೃಢೀಕರಿಸಿ ಪ್ಯಾಚ್‌ನ ವಿವರಣೆಯ ಕೊನೆಗೆ ಹೆಸರು ಬರೆಯುವ, ಅದನ್ನು ಮುಂದಕ್ಕೆ ಒಪ್ಪಿಸುವವರೂ ತಮ್ಮ ಹೆಸರು ಸೇರಿಸುವ ಕ್ರಮವನ್ನು ಟೊರ್ವಾಲ್ಡ್ಸ್ 2004ರಲ್ಲಿ ಸೂಚಿಸಿದರು. ಇದರಿಂದ ಪ್ಯಾಚ್ ತಾಂತ್ರಿಕ ಪಠ್ಯವಾಗಿರುವುದರ ಜೊತೆಗೆ ಹೊಣೆಗಾರಿಕೆಯ ದಾಖಲೆಯೂ ಆಯಿತು.

ಕರ್ನಲ್‌ನ ಬದಲಾವಣೆಗಳನ್ನು ದಾಖಲಿಸಿ ನಿರ್ವಹಿಸಲು 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶದ ಉಚಿತ ಬಳಕೆಗೆ ಅವಕಾಶ ತಪ್ಪಿದಾಗ, ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಅದರ ಬದಲಿಗೆ ‘ಗಿಟ್’ ಬರೆದರು. ಬದಲಾವಣೆಯನ್ನು ಬರೆದವರನ್ನೂ ಸೇರಿಸಿದವರನ್ನೂ ಗಿಟ್ ಪ್ರತ್ಯೇಕವಾಗಿ ದಾಖಲಿಸುತ್ತದೆ. ಅದು ಒಳಗೆ ಉಳಿಸಿಕೊಳ್ಳುವುದು ಪ್ರತಿ ಹಂತದ ಪೂರ್ಣ ಸ್ಥಿತಿಯನ್ನೇ ಆದರೂ, ಪರಿಶೀಲಕರ ಮುಂದಿಡುವುದು ಅದೇ ಏಕೀಕೃತ ಡಿಫ್ ಅನ್ನು. 2008ರಲ್ಲಿ ಆರಂಭವಾದ, ಗಿಟ್ ಆಧಾರಿತ ಜಾಲತಾಣವಾದ ಗಿಟ್‌ಹಬ್ ‘ಪುಲ್ ರಿಕ್ವೆಸ್ಟ್’ ಎಂಬ ಕೋರಿಕೆಯ ಮೂಲಕ ಸಲ್ಲಿಕೆಯನ್ನು ಬಹಳ ಸುಲಭಗೊಳಿಸಿತಾದರೂ, ಅದರಲ್ಲಿಯೂ ನಿರ್ಧಾರಕ್ಕೆ ಆಧಾರವಾಗುವುದು ಧನ ಮತ್ತು ಋಣಚಿಹ್ನೆಗಳ ಸಾಲುಗಳೇ.

ಒಟ್ಟಿನಲ್ಲಿ, ಸಾಗಿಸುವ ದಾರಿ ಮತ್ತು ಸಂಗ್ರಹಿಸುವ ಕ್ರಮ ಹಲವು ಬಾರಿ ಬದಲಾದರೂ, ಮನುಷ್ಯ ಓದಬಲ್ಲ ಬದಲಾವಣೆಯ ಪಠ್ಯ ಮಾತ್ರ ಉಳಿದು ಬಂದಿದೆ. ಸಾಧನಗಳು ಕಳುಹಿಸುವವರ ಶ್ರಮವನ್ನು ಇಳಿಸಿದಷ್ಟು ಓದುವವರ ಶ್ರಮವನ್ನು ಇಳಿಸಿಲ್ಲ. ಆದ್ದರಿಂದ ಯೋಜನೆಯೊಂದು ಎಷ್ಟು ಮುಕ್ತವಾಗಿದೆ ಎಂಬುದನ್ನು ಅಳೆಯುವಾಗ ಪರವಾನಗಿಯ ಜೊತೆಗೆ, ಬಂದ ಪ್ಯಾಚನ್ನು ಗಮನವಿಟ್ಟು ಓದಿ ಕಾರಣಸಹಿತ ಉತ್ತರಿಸುವವರು ಅಲ್ಲಿದ್ದಾರೆಯೇ ಎಂಬುದನ್ನೂ ಪರಿಗಣಿಸಬೇಕಾಗುತ್ತದೆ.