ಖಳಪಾತ್ರಗಳ ಉದ್ಧಾರದ ಚರ್ಚೆ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ

ಕಾವ್ಯ, ನಾಟಕ, ಚಲನಚಿತ್ರಗಳ ಖಳರಲ್ಲಿ ಯಾರಿಗೆ ಕ್ಷಮೆಯುಂಟು, ಯಾರು ಎಂದಿಗೂ ತಿದ್ದಲಾಗದವರು ಎಂಬ ವಾದ ಕನ್ನಡದಲ್ಲಿ ಸಾವಿರ ವರ್ಷಗಳಿಂದ ನಡೆದುಬಂದಿದೆ. ತುಮಕೂರು ಜಿಲ್ಲೆಯ ನೆಲ ಈ ವಾದಕ್ಕೆ ಎರಡು ಕಡೆಯಿಂದ ಸೇರಿತು. ರಾವಣ, ದುರ್ಯೋಧನರನ್ನು ದುರಂತ ನಾಯಕರೆಂದು ಓದಿದ ಬಿ.ಎಂ. ಶ್ರೀಕಂಠಯ್ಯನವರು (ಬಿ.ಎಂ.ಶ್ರೀ.) ಇಲ್ಲಿ ಹುಟ್ಟಿದರು. ಅದೇ ಪಾತ್ರಗಳನ್ನು ಊರೂರಿಗೆ ಕೊಂಡೊಯ್ದ ವೃತ್ತಿ ರಂಗಭೂಮಿ ಗುಬ್ಬಿಯಲ್ಲಿ ಬೆಳೆಯಿತು. ಈ ಕುರಿತ ಬರಹಗಳಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿವೆ: ಖಳನ ಜೀವಕ್ಕೆ ಸದ್ಗತಿ ಸಿಗುತ್ತದೆಯೆ, ಅವನು ಪಶ್ಚಾತ್ತಾಪ ಪಟ್ಟನೆ, ಅವನಲ್ಲಿ ದೊಡ್ಡತನವಿದೆಯೆ. ಒಂದಕ್ಕೆ ಹೌದೆಂದವರು ಉಳಿದೆರಡಕ್ಕೂ ಹೌದೆಂದಂತಾಗುವುದಿಲ್ಲ.

ಧರ್ಮಶಾಸ್ತ್ರದ ನೆಲೆ

ಸದ್ಗತಿಯ ಪ್ರಶ್ನೆಗೆ ಕನ್ನಡ ನಾಡಿನ ಮತಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಜೈನರಲ್ಲಿ ಜೀವಗಳು ಭವ್ಯ, ಅಭವ್ಯ ಎಂದು ಎರಡು ಬಗೆ; ಅಭವ್ಯಕ್ಕೆ ಮೋಕ್ಷವಿಲ್ಲ. ರಾವಣ ಮಾತ್ರ ಆ ಗುಂಪಿನವನಲ್ಲ. ಅವನು ನರಕಕ್ಕೆ ಹೋದರೂ ಮುಂದೊಂದು ಭವದಲ್ಲಿ ತೀರ್ಥಂಕರನಾಗುತ್ತಾನೆ ಎನ್ನುವುದು ಜೈನ ಪುರಾಣಗಳ ಮಾತು. ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನೆಂಬ ಕಳ್ಳ ಋಷಿಯಾಗುತ್ತಾನೆ. ಜನ್ನನ ‘ಯಶೋಧರಚರಿತೆ’ಯ (1209) ಅಮೃತಮತಿಗೆ ಈ ರಿಯಾಯಿತಿಯಿಲ್ಲ, ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅವಳು ನರಕಕ್ಕೇ ಹೋಗುತ್ತಾಳೆ. ಅವಳ ಪಕ್ಷದ ಮಾತು ರಂಗದ ಮೇಲೆ ಕೇಳಿಸಲು ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ಬರಬೇಕಾಯಿತು.

ಭಾಗವತದ ದಾರಿ ಬೇರೆ. ಹಿರಣ್ಯಕಶಿಪು, ರಾವಣ, ಶಿಶುಪಾಲರು ವಿಷ್ಣುವಿನ ದ್ವಾರಪಾಲಕರಾದ ಜಯವಿಜಯರ ಶಾಪದ ಜನ್ಮಗಳು. ಮೂರು ಜನ್ಮ ವೈರಿಗಳಾಗಿದ್ದು ಮರಳಿ ವೈಕುಂಠ ಸೇರುವವರು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಇದನ್ನು ಹಾಗೆಯೇ ಒಪ್ಪಲಿಲ್ಲ. ಅವರ ಮತದಲ್ಲಿ ತಮೋಯೋಗ್ಯ ಜೀವಗಳಿಗೆ ಎಂದೂ ಬಿಡುಗಡೆಯಿಲ್ಲ. ಹಾಗಾದರೆ ಶಿಶುಪಾಲನ ಗತಿಯೇನು ಎಂಬ ತೊಡಕನ್ನು ಅವರು ಒಂದೇ ದೇಹದಲ್ಲಿ ಎರಡು ಜೀವಗಳಿದ್ದವೆಂದು ಹೇಳಿ ಬಿಡಿಸಿದರು: ದ್ವಾರಪಾಲಕ ವೈಕುಂಠಕ್ಕೆ, ಅಸುರ ತಮಸ್ಸಿಗೆ. ದುರ್ಯೋಧನ ಅವರ ‘ಮಹಾಭಾರತ ತಾತ್ಪರ್ಯ ನಿರ್ಣಯ’ದಲ್ಲಿ ಸಾಕ್ಷಾತ್ ಕಲಿ. ಖಳನ ಮನಸ್ಸು ಬದಲಾಗಬಹುದೆಂಬ ವಾದಕ್ಕೆ ಇಲ್ಲಿ ಎಡೆಯೇ ಇಲ್ಲ. ತುಮಕೂರಿನ ಬಳಿಯ ದೇವರಾಯನದುರ್ಗದಂಥ ನರಸಿಂಹ ಕ್ಷೇತ್ರಗಳಲ್ಲಿ ಹಿರಣ್ಯಕಶಿಪುವಿನ ಕಥೆ ಕೇಳಿದವರ ಮುಂದೆ ಈ ಎರಡೂ ಉತ್ತರಗಳಿದ್ದವು.

ಜನಪದಕ್ಕೆ ಬಂದರೆ, ಗೋವಿನ ಹಾಡಿನ ಹುಲಿ ಪಶ್ಚಾತ್ತಾಪಪಟ್ಟು ಪ್ರಾಣ ಬಿಡುತ್ತದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ತನ್ನನ್ನು ಕೊಲ್ಲಿಸಲು ಹೊರಟಿದ್ದ ದುಷ್ಟಬುದ್ಧಿಯನ್ನು ಚಂದ್ರಹಾಸನೇ ದೇವಿಯನ್ನು ಬೇಡಿ ಬದುಕಿಸುತ್ತಾನೆ. ಹೆಸರಲ್ಲೇ ದುಷ್ಟತನ ಹೊತ್ತವನಿಗೂ ಇಲ್ಲಿ ಎರಡನೆಯ ಅವಕಾಶವುಂಟು.

ರಾವಣ: ನಾಗಚಂದ್ರನಿಂದ ಬಿ.ಎಂ.ಶ್ರೀ.ವರೆಗೆ

ಸಂಸ್ಕೃತ ಲಕ್ಷಣಕಾರರು ಪ್ರತಿನಾಯಕನಿಗೆ ಸ್ಥಾನ ಕೊಟ್ಟಿದ್ದರು. ಶತ್ರುವಿನ ಕುಲ, ವಿದ್ಯೆ, ಪರಾಕ್ರಮಗಳನ್ನು ಹೊಗಳಿ, ಅಂಥವನನ್ನು ಗೆದ್ದನೆಂದು ನಾಯಕನನ್ನು ಮೇಲೇರಿಸಬಹುದು ಎಂದು ದಂಡಿ ಹೇಳಿದ. ಧನಂಜಯನ ‘ದಶರೂಪಕ’ ಪ್ರತಿನಾಯಕನನ್ನು ಲೋಭಿ, ಉದ್ಧತ, ಪಾಪಿ, ವ್ಯಸನಿ ಎಂದು ವರ್ಣಿಸುತ್ತದೆ. ಅದರ ವ್ಯಾಖ್ಯಾನ ಕೊಡುವ ಉದಾಹರಣೆಗಳು ರಾವಣ ಮತ್ತು ದುರ್ಯೋಧನ. ಮುಂದೆ ಕನ್ನಡದಲ್ಲಿ ಹೆಚ್ಚು ವಾದಕ್ಕೊಳಗಾದವರೂ ಈ ಇಬ್ಬರೇ.

ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣ ಒಪ್ಪದ ಹೆಣ್ಣನ್ನು ಮುಟ್ಟೆನೆಂದು ವ್ರತ ಹಿಡಿದವನು. ಸೀತೆಯ ನಿಷ್ಠೆ ಕಂಡು ಅವನ ಮನಸ್ಸು ತಿರುಗುತ್ತದೆ. ಆದರೆ ಹೆದರಿ ಒಪ್ಪಿಸಿದನೆಂಬ ಅಪಕೀರ್ತಿ ಬೇಡವೆಂದು ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು, ಆಮೇಲೆ ಅವಳನ್ನು ಮರಳಿಸಲು ನಿಶ್ಚಯಿಸುತ್ತಾನೆ. ಆ ಯುದ್ಧದಲ್ಲೇ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಈ ತಿರುವನ್ನು ನಾಗಚಂದ್ರನ ಸ್ವಂತ ಕಲ್ಪನೆಯೆಂದು ಹೇಳುವುದುಂಟು. ಅದರ ಬೀಜ ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲೂ ರವಿಷೇಣನ ಸಂಸ್ಕೃತ ‘ಪದ್ಮಪುರಾಣ’ದಲ್ಲೂ ಇದೆ. ಒಳಗಿನ ತೊಳಲಾಟವನ್ನು ಕನ್ನಡದಲ್ಲಿ ಹಿಗ್ಗಿಸಿದ್ದು ನಾಗಚಂದ್ರನ ಕೆಲಸ.

ಈ ರಾವಣನನ್ನು ಗ್ರೀಕ್ ದುರಂತ ನಾಟಕಗಳ ಬೆಳಕಿನಲ್ಲಿ ಓದಿದವರು ಬಿ.ಎಂ.ಶ್ರೀ. ಅವರು 1884ರಲ್ಲಿ ಹುಟ್ಟಿದ ಸಂಪಿಗೆ ಗ್ರಾಮ ಗುಬ್ಬಿ, ಕುಣಿಗಲ್‌ಗಳಿಗೆ ಹೊಂದಿಕೊಂಡ ತುರುವೇಕೆರೆ ತಾಲ್ಲೂಕಿನಲ್ಲಿದೆ. ದುರಂತ ರಾವಣನನ್ನು ಕುರಿತ ಅವರ ಇಂಗ್ಲಿಷ್ ಪ್ರಬಂಧ ವಾದದ ದಿಕ್ಕನ್ನೇ ಬದಲಿಸಿತು. ರಾವಣ ಪಾಪಿಯೋ ಅಲ್ಲವೋ ಎಂಬುದರ ಜಾಗದಲ್ಲಿ, ಇಷ್ಟು ದೊಡ್ಡವನು ಒಂದು ದೋಷದಿಂದ ಬಿದ್ದದ್ದು ನಮ್ಮಲ್ಲಿ ಕರುಣೆ ಹುಟ್ಟಿಸುತ್ತದೆಯೆ ಎಂಬ ಪ್ರಶ್ನೆ ಮುಂದೆ ಬಂತು. ಇದನ್ನು ಮೋಕ್ಷದ ತೀರ್ಪೆಂದು ತಿಳಿದವರಿದ್ದಾರೆ, ಬಿ.ಎಂ.ಶ್ರೀ. ಎತ್ತಿದ್ದು ರಸದ ಪ್ರಶ್ನೆ.

ಕುವೆಂಪು ಇನ್ನೂ ಮುಂದೆ ಹೋದರು. ‘ಶ್ರೀರಾಮಾಯಣ ದರ್ಶನಂ’ನಲ್ಲಿ (1949) ರಾವಣ ಕನಸೊಂದರ ಮೂಲಕ ಸೀತೆಯನ್ನು ತಾಯಿಯಾಗಿ ಕಾಣುವ ಸ್ಥಿತಿಗೆ ಏರುತ್ತಾನೆ, ಮಂಥರೆಯ ಕೇಡಿನ ಬೇರು ಮಮತೆಯಾಗುತ್ತದೆ. ಯಾವ ಜೀವವೂ ಶಾಶ್ವತವಾಗಿ ಬಿದ್ದಿರುವುದಿಲ್ಲ ಎನ್ನುವುದು ಆ ಕಾವ್ಯದ ದರ್ಶನ. ಮಧ್ವರ ತಮೋಯೋಗ್ಯ ವಾದಕ್ಕೆ ಆಧುನಿಕ ಕನ್ನಡ ಕಾವ್ಯದಲ್ಲಿ ಇದಕ್ಕಿಂತ ನೇರವಾದ ಎದುರುತ್ತರ ಸಿಗುವುದು ಕಷ್ಟ.

ದುರ್ಯೋಧನ ಮತ್ತು ಅಶ್ವತ್ಥಾಮ

ರನ್ನನ ‘ಗದಾಯುದ್ಧ’ದ ಕಾಲದ ಬಗ್ಗೆಯೇ ಒಮ್ಮತವಿಲ್ಲ. ಕ್ರಿ.ಶ. 982ರ ಸುಮಾರಿನದು ಎನ್ನುವವರೂ, 1000ದ ಆಚೀಚಿನದು ಎನ್ನುವವರೂ ಇದ್ದಾರೆ. ಅದಕ್ಕಿಂತ ದೊಡ್ಡ ವಾದ ಕಾವ್ಯದ ನಾಯಕ ಯಾರೆಂಬುದು. ಕವಿ ತನ್ನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ್ದಾನೆ. ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರೂ ಅದನ್ನೇ ಸಾರುತ್ತದೆ. ಆದರೂ ಓದುಗರ ನೆನಪಿನಲ್ಲಿ ನಿಲ್ಲುವವನು ಸಂಜಯನೊಡನೆ ರಣರಂಗದ ಹೆಣಗಳ ನಡುವೆ ನಡೆಯುವ ದುರ್ಯೋಧನ. ದ್ರೋಣ, ಕರ್ಣ, ದುಶ್ಶಾಸನರಿಗಾಗಿ ಅಳುವ ಅವನು ಶತ್ರುವಿನ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ಸಂಧಿ ಮಾಡಿಕೋ ಎಂಬ ಭೀಷ್ಮನ ಮಾತನ್ನು ಮಾತ್ರ ಒಪ್ಪುವುದಿಲ್ಲ. ರನ್ನ ದುರ್ಯೋಧನನನ್ನು ನಾಯಕನನ್ನಾಗಿ ಮಾಡಿದ ಎಂಬ ರೂಢಿಯ ಮಾತು ಆದ್ದರಿಂದ ಅರ್ಧ ನಿಜ. ಗೆಲುವು ಭೀಮನದು, ಕರುಣೆ ಕೌರವನ ಪಾಲಿನದು.

ಬಿ.ಎಂ.ಶ್ರೀ. ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ (1926) ಆಗಿ ಕಟ್ಟಿ ದುರ್ಯೋಧನನ ದುರಂತವನ್ನು ಕೇಂದ್ರಕ್ಕೆ ತಂದರು. ‘ಅಶ್ವತ್ಥಾಮನ್’ (1929) ಅದಕ್ಕಿಂತ ಕಷ್ಟದ ಪ್ರಯೋಗ. ಮಲಗಿದ್ದ ಉಪಪಾಂಡವರನ್ನು ಕೊಂದವನಿಗೆ ಮಹಾಭಾರತ ಸಾವಿನ ಬಿಡುಗಡೆಯನ್ನೂ ಕೊಡಲಿಲ್ಲ. ಮೂರು ಸಾವಿರ ವರ್ಷ ಅಲೆಯುವ ಶಾಪ ಕೊಟ್ಟಿತು. ಪರಂಪರೆ ಅವನನ್ನು ಚಿರಂಜೀವಿ ಎನ್ನುತ್ತದೆ. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದ ಜಾಡು ಹಿಡಿದ ಬಿ.ಎಂ.ಶ್ರೀ. ಅವನಿಗೆ ಆತ್ಮಾಭಿಮಾನದ ಸಾವನ್ನು ಕೊಟ್ಟರು. ಪುರಾಣದ ತೀರ್ಪನ್ನು ಇಷ್ಟು ಮಟ್ಟಿಗೆ ತಿದ್ದಿದ ಕನ್ನಡ ನಾಟಕಗಳು ಆ ಕಾಲದಲ್ಲಿ ವಿರಳ.

ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರು (1906–1966) ‘ಗದಾಯುದ್ಧ’ದ ಸಂಗ್ರಹವನ್ನು ಸಿದ್ಧಪಡಿಸಿ ಆ ಕಾವ್ಯವನ್ನು ವಿದ್ಯಾರ್ಥಿಗಳ ಕೈಗೆ ತಲಪಿಸಿದರು. ಅವರ ‘ಭಾರತೀಯ ಕಾವ್ಯಮೀಮಾಂಸೆ’ (1953) ರಸದ ಪರಿಭಾಷೆಯನ್ನು ಕನ್ನಡ ಓದುಗರಿಗೆ ಒದಗಿಸಿತು.

ಗುಬ್ಬಿ ಕಂಪನಿ: ನಗಿಸುವ ಕಳ್ಳ, ಅಬ್ಬರಿಸುವ ರಾವಣ

1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ದೊಡ್ಡ ಹೆಸರು ತಂದವರು ಗುಬ್ಬಿ ವೀರಣ್ಣ (1891–1972). ಕಂಪನಿಯ ಇತಿಹಾಸ ಬೇರೆಡೆ ವಿವರವಾಗಿ ದಾಖಲಾಗಿದೆ. ಇಲ್ಲಿ ಮುಖ್ಯವಾದದ್ದು ಅದು ಖಳನನ್ನು ನಡೆಸಿಕೊಂಡ ರೀತಿ. ವೀರಣ್ಣನವರು ಹೆಸರಾದದ್ದು ‘ಸದಾರಮೆ’ಯ ಕಳ್ಳನ ಪಾತ್ರದಿಂದ. ಕಥೆಯ ಲೆಕ್ಕದಲ್ಲಿ ಅವನು ಸದಾರಮೆಯನ್ನು ಅಪಹರಿಸುವ ದುಷ್ಟ. ರಂಗದ ಮೇಲೆ ಜನ ಕಾದು ಕೂರುತ್ತಿದ್ದುದು ಅವನಿಗಾಗಿ. ವಿದ್ವಾಂಸರು ಕರುಣೆಯಿಂದ ಖಳನನ್ನು ಎತ್ತಲು ಹೊರಟ ಹೊತ್ತಿಗೆ ಕಂಪನಿ ನಾಟಕ ಅದನ್ನು ಹಾಸ್ಯದಿಂದ ಮಾಡಿ ಮುಗಿಸಿತ್ತು. ಸಾಹಿತ್ಯ ಚರಿತ್ರೆಗಳು ಈ ಬಗೆಯನ್ನು ಗಮನಿಸಿದ್ದು ಕಡಿಮೆ.

ಇನ್ನೊಂದು ಬಗೆ ಅಬ್ಬರದ್ದು. ರಾಜ್‌ಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಇದೇ ಕಂಪನಿಯಲ್ಲಿ ಉಗ್ರ ಪಾತ್ರಗಳಿಗೆ ಹೆಸರಾಗಿದ್ದರು. ಮುಂದೆ ಮಗ ಬೆಳ್ಳಿತೆರೆಯ ‘ಭೂಕೈಲಾಸ’ದಲ್ಲಿ (1958) ಶಿವಭಕ್ತ ರಾವಣನಾಗಿಯೂ, ‘ಭಕ್ತ ಪ್ರಹ್ಲಾದ’ದಲ್ಲಿ (1983) ಹಿರಣ್ಯಕಶಿಪುವಾಗಿಯೂ ಕಾಣಿಸಿಕೊಂಡರು. ಜನ ದೇವರಂತೆ ಕಂಡ ನಟ ಅಸುರನಾದಾಗ ಆ ಅಸುರನನ್ನು ಸಂಪೂರ್ಣ ದ್ವೇಷಿಸುವುದು ಪ್ರೇಕ್ಷಕರಿಗೆ ಸುಲಭವಾಗಿರಲಿಲ್ಲ.

ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (3 ಮಾರ್ಚ್ 1934) ಲಂಕೆಯ ಮನೆಯೊಳಗಿನ ಕಥೆ. ಇಂದ್ರಜಿತುವಿನ ಹೆಂಡತಿ ಅದರ ನಾಯಕಿ, ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು ನಟಿಸಿದರು. ಸಾಹಿತ್ಯ ಒದಗಿಸಿದವರು ತುಮಕೂರು ತಾಲ್ಲೂಕಿನ ಬೆಳ್ಳಾವೆಯ ಹೆಸರು ಹೊತ್ತ, ಗುಬ್ಬಿ ಕಂಪನಿಗೂ ನಾಟಕ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಖಳನ ಮನೆಯವರ ಕಣ್ಣಿನಿಂದ ಯುದ್ಧ ನೋಡುವ ಕ್ರಮ ಕನ್ನಡ ಸಿನಿಮಾಕ್ಕೆ ಹೀಗೆ ಹುಟ್ಟಿನಿಂದಲೇ ಬಂದದ್ದು.

ಹಳ್ಳಿಯ ‘ಕುರುಕ್ಷೇತ್ರ’

ಕಂಪನಿ ನಾಟಕಗಳ ಅಬ್ಬರ ಇಳಿದ ಮೇಲೂ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಊರುಗಳಲ್ಲಿ ಹವ್ಯಾಸಿ ಪೌರಾಣಿಕ ನಾಟಕಗಳು ನಿಂತಿಲ್ಲ. ಜಾತ್ರೆ, ಹಬ್ಬಗಳಲ್ಲಿ ಮಾತ್ರವಲ್ಲದೆ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಅವು ನಡೆಯುತ್ತವೆ. ಹಾರ್ಮೋನಿಯಂ ಮೇಷ್ಟ್ರು ಪದ್ಯ, ಮಾತು ಕಲಿಸುತ್ತಾರೆ. ಪಾರ್ಟು ಹಾಕುವವರು ತಮ್ಮ ಪಾತ್ರಕ್ಕೆ ತಾವೇ ಹಣ ಕಟ್ಟುತ್ತಾರೆ. ದುರ್ಯೋಧನನ ಪಾರ್ಟು ಕೃಷ್ಣ, ಭೀಮರ ಪಾರ್ಟಿನಷ್ಟೇ ಬೇಡಿಕೆಯದು. ಖಳನೆಂಬ ಕಾರಣಕ್ಕೆ ಅದನ್ನು ಯಾರೂ ಬೇಡವೆನ್ನುವುದಿಲ್ಲ.

ಹಳ್ಳಿಯ ‘ಕುರುಕ್ಷೇತ್ರ’ ನಾಟಕ ಸಾಮಾನ್ಯವಾಗಿ ಸಂಧಾನದ ಸುತ್ತ ಶುರುವಾಗುತ್ತದೆ. ದ್ಯೂತ, ವಸ್ತ್ರಾಪಹರಣಗಳು ಆಗಲೇ ನಡೆದುಹೋಗಿರುತ್ತವೆ. ಪ್ರೇಕ್ಷಕರ ಮುಂದೆ ನಿಲ್ಲುವವನು ಛಲ ಬಿಡದ, ಗೆಳೆಯ ಕರ್ಣನನ್ನು ಬಿಟ್ಟುಕೊಡದ ರಾಜ. ರನ್ನನ ಕಾವ್ಯವೂ ಯುದ್ಧದ ಕೊನೆಯ ಘಟ್ಟದಲ್ಲೇ ತೆರೆದುಕೊಳ್ಳುತ್ತದೆ. ಖಳನ ಬಗೆಗಿನ ತೀರ್ಪು ಕಥೆಯನ್ನು ಎಲ್ಲಿಂದ ಹೇಳಲು ತೊಡಗುತ್ತೇವೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಶಕುನಿಯ ವಿಷಯದಲ್ಲಿ ಗೊಂದಲ ಹೆಚ್ಚು. ಕೌರವರು ಅವನ ತಂದೆ, ಸೋದರರನ್ನು ಸೆರೆಯಲ್ಲಿ ಉಪವಾಸ ಕೆಡವಿ ಕೊಂದರು. ಬದುಕುಳಿದ ಶಕುನಿ ಅವರ ಮೂಳೆಯಿಂದ ದಾಳ ಮಾಡಿ, ಒಳಗಿದ್ದೇ ಕುರುಕುಲವನ್ನು ಮುಗಿಸಿದ ಎಂಬ ಕಥೆ ಈ ಸೀಮೆಯಲ್ಲಿ ಸರ್ವಪರಿಚಿತ. ಅನೇಕರು ಅದನ್ನು ವ್ಯಾಸರ ಮಾತೆಂದೇ ನಂಬಿದ್ದಾರೆ. ವ್ಯಾಸಭಾರತದಲ್ಲಿ ಅದಿಲ್ಲ, ಕನ್ನಡ, ತೆಲುಗು ಮೊದಲಾದ ಭಾಷೆಗಳ ಜನಕಥೆ, ನಾಟಕಗಳಲ್ಲಿ ಅದು ಹಬ್ಬಿತು. ಸೇಡಿನ ಕಾರಣ ಸಿಕ್ಕ ಮೇಲೆ ಶಕುನಿ ಕಾರಣವಿಲ್ಲದ ಕುತಂತ್ರಿಯಾಗಿ ಉಳಿಯಲಿಲ್ಲ.

ಕರಾವಳಿ, ಕಾಸರಗೋಡುಗಳಲ್ಲಿ ಇದೇ ವಾದಕ್ಕೆ ತಾಳಮದ್ದಳೆಯೆಂಬ ಸಿದ್ಧ ವೇದಿಕೆಯಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿ, ಕೌರವರ ಪಕ್ಷವನ್ನು ಅಲ್ಲಿ ಆಶುಮಾತಿನಲ್ಲೇ ಹೂಡುತ್ತಿದ್ದರು. ತುಮಕೂರು ಸೀಮೆಯ ನಾಟಕದ ಮಾತು ಮೊದಲೇ ಗೊತ್ತಾದದ್ದು. ಆದ್ದರಿಂದ ಇಲ್ಲಿ ವಾದ ನಡೆಯುವುದು ರಂಗದ ಹೊರಗೆ.

ಇತ್ತೀಚಿನ ಘಟ್ಟ

2019ರ ಆಗಸ್ಟ್ 9ರಂದು ತೆರೆಕಂಡ ‘ಮುನಿರತ್ನ ಕುರುಕ್ಷೇತ್ರ’ ರನ್ನನ ಕಾವ್ಯವನ್ನು ಆಧಾರವಾಗಿಟ್ಟುಕೊಂಡಿತು. ತಾರಾನಟ ದರ್ಶನ್ ಅದರಲ್ಲಿ ದುರ್ಯೋಧನನಾದರು. ಹಳ್ಳಿಯ ನಾಟಕದಲ್ಲಿ ಮೊದಲೇ ಇದ್ದ ಒಲವು ಇದರಿಂದ ಎಳೆಯರಿಗೂ ಹರಡಿತು. ಹೊಸ ಎನ್ನಬಹುದಾದದ್ದು ಚಿತ್ರದ ಗಾತ್ರ. ದುರ್ಯೋಧನನ ಪರವಾದ ವಾದ ರನ್ನನಷ್ಟು ಹಳೆಯದು.

ಒಟ್ಟು ದಾಖಲೆಯನ್ನು ನೋಡಿದರೆ ಉದ್ಧಾರ ಎಲ್ಲರಿಗೂ ಒಂದೇ ರೀತಿ ಸಿಕ್ಕಿಲ್ಲ. ದುರ್ಯೋಧನನಿಗೆ ಸಿಕ್ಕಿದ್ದು ಗೌರವ, ಕ್ಷಮೆಯಲ್ಲ. ಅವನು ಕೇಳಲೂ ಇಲ್ಲ. ರಾವಣನಿಗೆ ನಾಗಚಂದ್ರ ಪಶ್ಚಾತ್ತಾಪವನ್ನೂ ಕುವೆಂಪು ಪರಿವರ್ತನೆಯನ್ನೂ ಕೊಟ್ಟರು. ಶಕುನಿಗೆ ಜನಕಥೆ ಕಾರಣ ಒದಗಿಸಿತು. ದ್ರೌಪದಿಯ ಮುಡಿಗೆ ಸ್ವತಃ ಕೈಹಾಕಿದ ದುಶ್ಶಾಸನನಿಗಾಗಿ ಮೇಲೆ ಹೆಸರಿಸಿದ ಕೃತಿಗಳಲ್ಲಿ ಎದ್ದುಕಾಣುವಂತೆ ಅತ್ತವನು ಅವನ ಅಣ್ಣನೊಬ್ಬನೇ. ಆ ಅಳುವೂ ತಮ್ಮನ ಸಾವಿಗೆ. ಅವನ ತಪ್ಪನ್ನು ಅದು ಮನ್ನಿಸುವುದಿಲ್ಲ.