ಹವಳದ ದ್ವೀಪಗಳು ಮತ್ತು ನಮ್ಮ ಹಳೆಯ ಕೆನರಾ

ಹಳಿಯಾಳ ತಾಲೂಕಿನ ತೇರಗಾಂವದಿಂದ ಕಡಲು ಕಾಣುವುದಿಲ್ಲ. ಅಲ್ಲಿ ಹವಳವೆಂದರೆ ಕೊರಳ ಸರದ ಕೆಂಪು ಮಣಿ. ಆದರೆ 1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಬಳಿಕ ಬ್ರಿಟಿಷರು ರಚಿಸಿದ ಕೆನರಾ ಜಿಲ್ಲೆಯಲ್ಲಿ ಹಳಿಯಾಳ ಸೀಮೆಯೂ ಇತ್ತು. ಅರಬ್ಬೀ ಸಮುದ್ರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಎಂಬ ಹವಳದ ದ್ವೀಪಗಳೂ ಇದ್ದವು. ಇದನ್ನು ನಾವು ಮರೆತಿದ್ದೇವೆ.

ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಈ ದ್ವೀಪಗಳ ಮುಸ್ಲಿಮರು 1787ರಲ್ಲಿ ಟಿಪ್ಪುವಿನ ಆಶ್ರಯ ಪಡೆದಿದ್ದರು. ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. 1956ರ ನವೆಂಬರ್ 1ರಂದು ನಮ್ಮ ಉತ್ತರ ಕನ್ನಡವು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಅದೇ ದಿನ ದ್ವೀಪಗಳು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಒಳಪಟ್ಟವು. ಇಂದಿನ ಲಕ್ಷದ್ವೀಪದಲ್ಲಿ ಅವೂ ಸೇರಿವೆ.

ಆ ನೆಲವೇ ಹವಳದ್ದು. ಹವಳವೆಂಬುದು ಕಲ್ಲಲ್ಲ, ಸುಣ್ಣದ ಗೂಡು ಕಟ್ಟುವ ಪುಟ್ಟ ಜೀವಿ. ಅದರ ಮೈಯೊಳಗಿನ ಸೂಕ್ಷ್ಮ ಪಾಚಿ ಅದಕ್ಕೆ ಅನ್ನ ನೀಡುತ್ತದೆ. ನೀರು ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಬೆಳ್ಳಗಾಗುತ್ತದೆ. ಬಿಸಿ ತಗ್ಗದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗಾಯಿತು.

ಆದರೂ ಹವಳ ಮರಳಿ ಚಿಗುರಿತು. ಸತ್ತ ದಿಬ್ಬವನ್ನು ಮುಚ್ಚುವ ಪಾಚಿಯನ್ನು ಗಿಳಿಮೀನಿನಂಥ ಮೀನುಗಳು ಮೇಯ್ದರೆ ಮಾತ್ರ ಹೊಸ ಹವಳದ ಮರಿಗಳಿಗೆ ಜಾಗ ಸಿಗುತ್ತದೆ. ದ್ವೀಪದವರು ಮುಖ್ಯವಾಗಿ ಗಾಳ ಹಾಕಿ ಟ್ಯೂನಾ ಹಿಡಿಯುತ್ತಿದ್ದುದರಿಂದ ದಿಬ್ಬದ ಮೀನು ಉಳಿದಿತ್ತು. ಪೂರ್ವಜರ ಕಸುಬೇ ಕಾವಲಾಯಿತು! ಆದರೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು, ಚೇತರಿಕೆಗೆ ಬಿಡುವು ಸಾಲಲಿಲ್ಲ. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಹವಳದ ಹೊದಿಕೆ 2022ರ ವೇಳೆಗೆ ಶೇ. 20ರ ಆಸುಪಾಸಿಗೆ ಇಳಿಯಿತು.

ಹಾಗಾದರೆ ನೆಟ್ಟು ಬೆಳೆಸಬಹುದಲ್ಲವೇ? ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೂ ಕಟ್ಟಡಕ್ಕೂ ಹವಳವನ್ನು ಅಗೆದು ದಿಬ್ಬಗಳು ಬರಿದಾಗಿದ್ದವು. 2001ರಲ್ಲಿ ವನ್ಯಜೀವಿ ಕಾಯ್ದೆ ಹವಳಕ್ಕೆ ರಕ್ಷಣೆ ಕೊಟ್ಟಿತು. 2002ರಿಂದ ತೂತ್ತುಕುಡಿಯ ಸಂಶೋಧಕರು ಜೀವಂತ ಹವಳದ ತುಂಡುಗಳನ್ನು ಸಿಮೆಂಟಿನ ಚೌಕಟ್ಟಿಗೆ ಕಟ್ಟಿ ಕಡಲ ತಳದಲ್ಲಿಟ್ಟರು. ಕರಗುತ್ತಿದ್ದ ವಾನ್ ದ್ವೀಪದ ಸುತ್ತ ಕೃತಕ ದಿಬ್ಬಗಳನ್ನು ಇಳಿಸಿದರು. ಹವಳ ಬೆಳೆಯಿತು, ಮೀನುಗಳೂ ಬಂದು ನೆಲೆಸಿದವು. ಆದರೆ ನೆಟ್ಟ ಹವಳಕ್ಕೂ ಬಿಸಿನೀರಿನಿಂದ ರಿಯಾಯಿತಿಯಿಲ್ಲ. ಅಗೆತ ನಿಂತುದರಿಂದಲೇ ಆ ಶ್ರಮ ಫಲಿಸಿತು ಎಂಬುದನ್ನೂ ಮರೆಯಬಾರದು.

ಪವಿತ್ರ ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯದಲ್ಲಿ ಮುತ್ತು-ಹವಳಗಳ ಪ್ರಸ್ತಾಪವಿದೆ. ತಕ್ಕಡಿಯ ಸಮತೋಲ ಕೆಡಿಸಬಾರದೆಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಕಡಲು ಕಾಣದ ತೇರಗಾಂವದಲ್ಲಿ ಉರಿಸಿದ ಇಂಧನದ ಬಿಸಿಯೂ ಕೊನೆಗೆ ಕಡಲನ್ನು ಸೇರುತ್ತದೆ. ಒಂದು ಕಾಲಕ್ಕೆ ನಮ್ಮದೇ ಜಿಲ್ಲೆಯವರಾಗಿದ್ದ ಸೋದರರ ನೆಲ ಉಳಿಯಬೇಕಾದರೆ, ಆ ತಕ್ಕಡಿಯಲ್ಲಿ ನಮ್ಮ ಪಾಲನ್ನು ನಾವೇ ತೂಗಿ ನೋಡಬೇಕು.