ಪೀಚ್ ಮರದ ಎಲೆಮುಟುರು ರೋಗ: ಮದ್ದು ಹೊಡೆಯುವ ಕಾಲ ಗೊತ್ತಾದ ಬಗೆ

ಹಿತ್ತಲಲ್ಲಿ ಒಂದೆರಡು ಪೀಚ್ ಮರ ಬೆಳೆಸಿದವರನ್ನೂ ದೊಡ್ಡ ತೋಟದವರನ್ನೂ ಸಮನಾಗಿ ಕಾಡಿದ್ದು ಎಲೆಮುಟುರು ರೋಗ. ವಸಂತದ ಚಿಗುರೆಲೆ ದಪ್ಪಗೆ ಉಬ್ಬಿ, ಕೆಂಪಾಗಿ ಸುರುಟಿಕೊಳ್ಳುತ್ತದೆ. ಮೇಲೆ ಬೂದುಬಿಳಿ ಪುಡಿ ಕಾಣಿಸಿಕೊಂಡ ಬಳಿಕ ಉದುರುತ್ತದೆ. ಮರ ಮತ್ತೊಮ್ಮೆ ಚಿಗುರಬೇಕಾಗಿ ಬಂದು ಸೊರಗುತ್ತದೆ, ಫಸಲು ಕುಗ್ಗುತ್ತದೆ. ಈ ರೋಗದ ಚಿಕಿತ್ಸೆಯ ಚರಿತ್ರೆಯಲ್ಲಿ ಮದ್ದು ಸಿಕ್ಕಿದ್ದಕ್ಕಿಂತ ಅದನ್ನು ಹೊಡೆಯುವ ಕಾಲ ಗೊತ್ತಾದದ್ದೇ ನಿರ್ಣಾಯಕ ಘಟ್ಟ ಎಂಬುದು ಈ ಲೇಖನದ ವಾದ.

19ನೇ ಶತಮಾನದ ಬೆಳೆಗಾರರು ಇದಕ್ಕೆ ಶೀತಗಾಳಿಯನ್ನೋ ಸಸ್ಯಹೇನನ್ನೋ ದೂರುತ್ತಿದ್ದರು. ಹೇನು ರಸ ಹೀರಿದಾಗಲೂ ಎಲೆ ಸುರುಟುವುದರಿಂದ ಹಾಗೆ ಅನ್ನಿಸುವುದು ಸಹಜವೇ. ಆದರೆ ಎಲೆಯನ್ನು ಮಗುಚಿದರೆ ವ್ಯತ್ಯಾಸ ತಿಳಿಯುತ್ತದೆ: ಹೇನು ಬಿದ್ದ ಎಲೆಯಲ್ಲಿ ಕೀಟಗಳೂ ಅಂಟೂ ಇರುತ್ತವೆ; ಮುಟುರು ರೋಗದ ಎಲೆಯಲ್ಲಿ ಕೀಟವಿಲ್ಲ, ಬೆರಳಿಗೆ ಸಿಗುವುದು ದಪ್ಪನೆಯ, ಗಡುಸಾದ ಉಬ್ಬು. ಇದರ ಹಿಂದಿರುವ ಶಿಲೀಂಧ್ರವನ್ನು 1860ರಲ್ಲಿ ಇಂಗ್ಲೆಂಡಿನ ಬರ್ಕ್ಲಿ ವರ್ಣಿಸಿದರು. ಟಾಫ್ರಿನಾ ಡಿಫಾರ್ಮನ್ಸ್ ಎಂಬ ಈಗಿನ ಹೆಸರು 1866ರಲ್ಲಿ ಫ್ರಾನ್ಸಿನ ಟುಲಾನ್ ಅವರಿಂದ ಬಂತು.

ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ಬೂಜುರೋಗಕ್ಕೆ ಪ್ರಕಟಿಸಿದರು. ದ್ರಾಕ್ಷಿಗೆ ಅದನ್ನು ಹಸಿರೆಲೆಯ ಮೇಲೆಯೇ ಸಿಂಪಡಿಸುತ್ತಾರೆ. ಪೀಚ್‌ನಲ್ಲಿ ಈ ಕ್ರಮ ನಡೆಯದು: ಅದರ ಎಳೆಯ ಎಲೆ ತಾಮ್ರ ತಾಗಿದರೆ ಸುಡುತ್ತದೆ, ಮುಟುರಿದ ಎಲೆಯೊಳಗೆ ಆಗಲೇ ಹೊಕ್ಕಿರುವ ಶಿಲೀಂಧ್ರಕ್ಕೆ ಮದ್ದು ತಲುಪುವುದೂ ಇಲ್ಲ. ಜೊತೆಗೆ, ರೋಗ ಚಳಿಗಾಲವನ್ನು ಕೊಂಬೆಯ ಒಳಗೇ ಕಳೆಯುತ್ತದೆ ಎಂಬ ನಂಬಿಕೆಯೂ ಬಲವಾಗಿತ್ತು.

ಈ ನಂಬಿಕೆಯನ್ನು ಅಲುಗಾಡಿಸಿದವರು ಅಮೆರಿಕದ ಕೃಷಿ ಇಲಾಖೆಯ ನ್ಯೂಟನ್ ಪಿಯರ್ಸ್. ಕ್ಯಾಲಿಫೋರ್ನಿಯದ ತೋಟಗಳಲ್ಲಿ ಪ್ರಯೋಗ ನಡೆಸಿದ ಅವರು, ಮೊಗ್ಗು ಉಬ್ಬುವ ಮುನ್ನ ಬೋಳುಮರಕ್ಕೆ ಸಿಂಪಡಿಸಿದರೆ ರೋಗ ಬಹುಮಟ್ಟಿಗೆ ತಪ್ಪುತ್ತದೆಂದು 1900ರ ವರದಿಯಲ್ಲಿ ತೋರಿಸಿದರು. ತೊಗಟೆಯ ಮೇಲಷ್ಟೇ ಬಿದ್ದ ಮದ್ದು ರೋಗವನ್ನು ತಡೆದದ್ದರಿಂದ ಸೋಂಕು ಮುಖ್ಯವಾಗಿ ಹೊರಗಿನಿಂದಲೇ ಬರುತ್ತದೆ ಎಂಬ ತೀರ್ಮಾನಕ್ಕೆ ಆಧಾರ ಸಿಕ್ಕಿತು. ಮುಂದೆ ಎ. ಜೆ. ಮಿಕ್ಸ್ ಮೊದಲಾದವರ ಅಧ್ಯಯನಗಳು ಜೀವನಚಕ್ರವನ್ನು ಬಿಡಿಸಿಟ್ಟವು: ಬೀಜಕಣಗಳು ತೊಗಟೆ ಮತ್ತು ಮೊಗ್ಗಿನ ಮೇಲೆ ಯೀಸ್ಟಿನಂತೆ ಮೊಳೆಯುತ್ತ ಉಳಿಯುತ್ತವೆ, ತಂಪಿನ ಮಳೆಯಲ್ಲಿ ಬಿರಿಯುವ ಮೊಗ್ಗಿನೊಳಗೆ ಇಳಿಯುತ್ತವೆ.

ರೋಗ ತಗಲುವ ಮುನ್ನವೇ ತಡೆಯಬೇಕೆಂಬ ತಿಳಿವಳಿಕೆ ಮಲೆನಾಡಿಗೆ ಹೊಸದೇನಲ್ಲ. ಅಡಿಕೆಯ ಕೊಳೆರೋಗ ತಡೆಯಲು ಮಳೆಗೆ ಮೊದಲೇ ಕೊನೆಗಳಿಗೆ ಕೊಟ್ಟೆ (ಮಳೆಹೊದಿಕೆ) ಕಟ್ಟುವ ರೂಢಿ ಇಲ್ಲಿತ್ತು. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಬೋರ್ಡೋ ದ್ರಾವಣ ಅದೇ ಕಾಲಕ್ರಮಕ್ಕೆ ಹೊಂದಿಕೊಂಡಿತು. ಎರಡೂ ಕಡೆ ತತ್ವ ಒಂದೇ: ಸೋಂಕು ತಗಲುವ ಮುನ್ನ ರಕ್ಷಣೆ.

ಹಿತ್ತಲಿನ ಪೀಚ್ ಮರಕ್ಕೆ ಇಂದಿಗೂ ಇದೇ ಸೂತ್ರ. ಎಲೆ ಉದುರಿದ ಮೇಲೆ ಒಮ್ಮೆ, ಮಳೆ ಹೆಚ್ಚಿದ್ದಲ್ಲಿ ಮೊಗ್ಗು ಉಬ್ಬುವ ಮುನ್ನ ಇನ್ನೊಮ್ಮೆ ಮದ್ದು ಹೊಡೆಯಬೇಕು. ರೋಗ ಕಂಡಮೇಲೆ ಸಿಂಪಡಿಸಿದರೆ ಆ ವರ್ಷ ಮರಕ್ಕೆ ಪ್ರಯೋಜನವಿಲ್ಲ, ಮಣ್ಣಿನಲ್ಲಿ ತಾಮ್ರ ಮಾತ್ರ ಸೇರುತ್ತ ಹೋಗುತ್ತದೆ.